ಎರ್ರಪ್ಪನ ಮಗ ಹೇಳಿದ ಸಾಕ್ಷಿ

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನುಗಳು ಭಾನುವಾರ ನಿಲ್ಲುತ್ತವೆ. ಉಳಿದ ದಿನ ಗಲ್ಲಿಗಲ್ಲಿಯಲ್ಲೂ ಅದೇ ಸದ್ದು. ಭಾನುವಾರ ಮಧ್ಯಾಹ್ನ ಆರಾಧನೆ ಮುಗಿಸಿಕೊಂಡು ಮೂವರು ಅಂಥದೊಂದು ಕಾರ್ಖಾನೆಯ ಗೋದಾಮಿಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೂರಿನವರೆಗೆ ಪೇರಿಸಿಟ್ಟ ನೀಲಿ ಬಟ್ಟೆಯ ಬಂಡಲುಗಳು ಎಂಥ ಸದ್ದನ್ನೂ ನುಂಗಿಬಿಡುತ್ತಿದ್ದವು. ಹೊರಗೆ ಕಟ್ಟೆಯ ಮೇಲೆ ಕೂತವರಿಗೆ ಒಳಗೆ ಯಾರೋ ಗೋಡೆ ಗುದ್ದುತ್ತಿರುವಂತೆ ಮಾತ್ರ ಕೇಳುತ್ತಿತ್ತು. 'ಕೂಗುವ ಕಲ್ಲು' ಎಂಬ ಬ್ಯಾಂಡು ಹುಟ್ಟಿದ್ದು ಅಲ್ಲಿ.

ಗೋದಾಮಿನ ಬೀಗದಕೈ ಕೊಡಿಸಿದವನು ಎರ್ರಪ್ಪ. ಅವನು ಆ ಕಾರ್ಖಾನೆಯ ಕಟಿಂಗ್ ಮಾಸ್ಟರು. ಥಾನುಗಟ್ಟಲೆ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕರೆಂಟಿನ ಕಟರಿನಿಂದ ಕತ್ತರಿಸುವ ಕೆಲಸ. ಮಾತು ಕಡಿಮೆ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಕುಡಿತವಂತೂ ಯಾವ ಕಾಲಕ್ಕೂ ಇರಲಿಲ್ಲ. ಹೆಂಡತಿ ಪಾಪಕ್ಕ ಮಡಕಶಿರಾ ಕಡೆಯ ಹಳ್ಳಿಯವಳು. ಮದುವೆಯಾದ ಹೊಸದರಲ್ಲಿ ಅವಳು ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಬೀದಿಯ ಕೊನೆಯಲ್ಲಿದ್ದ ಸಣ್ಣ ಕ್ರೈಸ್ತ ಸಭೆಯ ಪಾಸ್ಟರು ಮನೆಗೆ ಬಂದು ಪ್ರಾರ್ಥನೆ ಮಾಡಿದ್ದಲ್ಲದೆ ಬಳ್ಳಾರಿ ಆಸ್ಪತ್ರೆಗೂ ಜೊತೆಯಲ್ಲಿ ಅಲೆದಿದ್ದರು. ಅವಳು ಎದ್ದು ಓಡಾಡುವಂತಾದ ಮೇಲೆ ಗಂಡ ಹೆಂಡತಿ ಇಬ್ಬರೂ ಆ ಸಭೆಗೆ ಸೇರಿದರು. ಹೆಸರು ಬದಲಿಸಿಕೊಳ್ಳಲಿಲ್ಲ. ಆರಾಧನೆಯಲ್ಲಿ ಎರ್ರಪ್ಪ ಡೋಲಕ್ ಬಾರಿಸುತ್ತಿದ್ದ. ಅವರ ಒಬ್ಬನೇ ಮಗ ಕಿರಣ್ ಕುಮಾರ್ ಆ ಡೋಲಕ್ಕಿನ ಪಕ್ಕದಲ್ಲಿ ಕೂತು, ಅಲ್ಲೇ ನಿದ್ದೆ ಮಾಡಿ, ಅಲ್ಲೇ ಹಾಡಲು ಕಲಿತು ದೊಡ್ಡವನಾದವನು.

ಕಿರಣ್ ಡಿಗ್ರಿ ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಹುಟ್ಟುಹಬ್ಬ, ತಿಥಿ, ಚುನಾವಣೆ, ಯಾವುದಕ್ಕಾದರೂ ಬ್ಯಾನರು ಮಾಡಿಕೊಡುತ್ತಿದ್ದ. ಗಿಟಾರನ್ನು ಯುವಜನರ ಶಿಬಿರವೊಂದರಲ್ಲಿ ಕಲಿತಿದ್ದ. ಕೊರೊನಾ ಬಂದು ಅಂಗಡಿ ಮುಚ್ಚಿದಾಗ ಫೋನಿನಲ್ಲಿ ಮೆಟಲ್ ಎಂಬ ಸಂಗೀತ ಅವನ ಕಿವಿಗೆ ಬಿತ್ತು. ಗಿಟಾರು ಗರಗಸದಂತೆ ಕೊಯ್ಯುತ್ತಿತ್ತು, ಡ್ರಮ್ಸು ಮಳೆ ಬಂದಂತೆ ಸುರಿಯುತ್ತಿತ್ತು, ಹಾಡುವವನು ಹಾಡುತ್ತಿರಲಿಲ್ಲ, ಗಂಟಲ ತಳದಿಂದ ಗರ್ಜಿಸುತ್ತಿದ್ದ. ಇದೇ ಸದ್ದಿನಲ್ಲಿ ದೇವರನ್ನು ಕರೆಯುವ ಬ್ಯಾಂಡುಗಳೂ ಲೋಕದಲ್ಲಿವೆ ಎಂದು ತಿಳಿದ ದಿನ ಅವನಿಗೆ ಜ್ವರ ಹತ್ತಿದಂತಾಯಿತು. ಆಮೇಲೆ ಅವನು ಬೇರೇನನ್ನೂ ಕೇಳಲಿಲ್ಲ.

ಡ್ರಮ್ಸಿಗೆ ಸಿಕ್ಕವನು ಗುಮ್ಮಘಟ್ಟದ ರಸ್ತೆಯಲ್ಲಿ ಶೇರ್ ಆಟೊ ಓಡಿಸುವ ರಾಮಾಂಜಿನೇಯ. ಅದೇ ಸಭೆಯವನು, ಗಟ್ಟಿ ಕೈ, ಗಟ್ಟಿ ಬಾಯಿ. ಬೇಸ್ ಗಿಟಾರಿಗೆ ಬಂದವಳು ಖಾಸಗಿ ಶಾಲೆಯೊಂದರ ಟೀಚರು ಸುನೀತಾ. ಅವಳು ಮೊದಲು ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಬ್ಯಾಂಡಿಗೆ ಹೆಸರು ಕೊಟ್ಟವಳೂ ಅವಳೇ. "ಮನುಷ್ಯರು ಸುಮ್ನಿದ್ರ ಕಲ್ಲು ಕೂಗ್ತಾವ ಅಂತ ಅಯ್ಯಗಾರು ಹೇಳ್ತಿರ್ತಾರಲ್ಲ. ನಮ್ಮೂರಾಗ ಕಲ್ಲಿಗೇನು ಕಮ್ಮಿ ಐತಾ?" ಎಂದಿದ್ದಳು. ಪಾಸ್ಟರನ್ನು ಆ ಕಡೆಯವರೆಲ್ಲ ಅಯ್ಯಗಾರು ಎಂದೇ ಕರೆಯುತ್ತಾರೆ.

ಸಭೆಯಲ್ಲಿ ಮೊದಲ ಸಲ ನುಡಿಸಿದಾಗ ಹಿರಿಯರು ಕಿವಿ ಮುಚ್ಚಿಕೊಂಡರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಹೊರಗೆ ನಡೆದಳು. ಆರಾಧನೆ ಮುಗಿದ ಮೇಲೆ ಪಾಸ್ಟರು ಕಿರಣನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ.

"ನೀನು ಕರ್ತನ್ನ ಸ್ತುತಿ ಮಾಡ್ತಿದ್ದೀಯ ಅಂತ ನನಗ ಗೊತ್ತಾಗ್ತದಪ್ಪ, ನೀನು ಗೊತ್ತಿರೋದ್ರಿಂದ. ಗೊತ್ತಿಲ್ಲದೋರಿಗೆ ಯಾರೋ ದೆವ್ವ ಹಿಡಿದೋನು ಕೂಗಿದಂಗ ಕೇಳ್ತದ. ಹಾಡೋ ಮುಂಚೆ ನಿನ್ನ ಸಾಕ್ಷಿ ಹೇಳು. ದೇವರು ನಿನ್ನನ್ನ ಯಾವುದ್ರಿಂದ ಎತ್ತಿದ ಅಂತ ಜನಕ್ಕ ತಿಳೀಲಿ. ಆಮೇಲೆ ಎಷ್ಟಾದ್ರೂ ಕೂಗು."

ಇಂಥ ಸಭೆಗಳಲ್ಲಿ ಸಾಕ್ಷಿ ಹೇಳುವುದು ಹೊಸದಲ್ಲ. ಜೂಜು ಬಿಟ್ಟವರು, ಕಾಯಿಲೆ ವಾಸಿಯಾದವರು, ಸಾಯಲು ಹೋಗಿ ತಿರುಗಿ ಬಂದವರು ಎದ್ದು ನಿಂತು ತಮ್ಮ ಕಥೆ ಹೇಳುತ್ತಾರೆ. ಕಿರಣ್ ಮನೆಗೆ ಹೋಗಿ ಎಷ್ಟು ಯೋಚಿಸಿದರೂ ಅವನಿಗೆ ಹೇಳಲು ಏನೂ ಸಿಗಲಿಲ್ಲ. ಅವನನ್ನು ಯಾರೂ ಹೊಡೆದಿರಲಿಲ್ಲ. ಅವನು ಯಾವ ಚಟಕ್ಕೂ ಬಿದ್ದಿರಲಿಲ್ಲ. ಸ್ಕೂಲಿಗೆ ಹೋಗುವಾಗ ಅಪ್ಪ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದ, ಅಮ್ಮ ತಲೆ ಬಾಚುತ್ತಿದ್ದಳು. ಅದನ್ನು ಮೈಕಿನಲ್ಲಿ ಏನೆಂದು ಹೇಳುವುದು?

ಆ ದಿನಗಳಲ್ಲೇ ಒಂದು ಭಾನುವಾರ, ಅಭ್ಯಾಸ ಮುಗಿದು ರಾಮಾಂಜಿನೇಯ ಆಟೊ ತರಲು ಹೋಗಿದ್ದಾಗ, ಸುನೀತಾ ತನ್ನ ಅಪ್ಪನ ವಿಷಯ ಹೇಳಿದಳು. ಅಪ್ಪ ಸೂರಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದ. ಒಮ್ಮೆ ಒನಕೆಯಿಂದ ಹೊಡೆದು ಅವಳ ಕೈ ಮುರಿದಿದ್ದ. ಆಗೆಲ್ಲ ಸುನೀತಾ ಸೌದೆ ಒಟ್ಟಿದ ಮೂಲೆಯಲ್ಲಿ ತಮ್ಮನನ್ನು ತಬ್ಬಿ ಕೂತು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚುತ್ತಿದ್ದಳು.

"ಕೂಗಬೇಕು ಅನ್ನಿಸ್ತಿತ್ತು. ಕೂಗಾಕ ಆಗ್ತಿರ್ಲಿಲ್ಲ. ನೀನು ಹಾಡುವಾಗ ಆ ಕೂಗು ಈಗ ಹೊರಗ ಬಂದಂಗ ಆಗ್ತೈತಿ, ಅದಕ್ಕ ನಾನು ಈ ಬ್ಯಾಂಡಿಗೆ ಬಂದಿದ್ದು," ಎಂದಳು. ಆಮೇಲೆ, "ಇದನ್ನ ಯಾರ ಮುಂದೂ ಹೇಳಬ್ಯಾಡ ಮತ್ತ," ಎಂದಳು.

ಅದನ್ನು ಕೇಳಿಕೊಂಡು ಹೋದ ಕಿರಣ್ ಒಂದು ಹಾಡು ಕಟ್ಟಿದ. ಬಾಯಿ ಮುಚ್ಚಿದ ಕೈಯನ್ನು ದೇವರು ಮೆಲ್ಲಗೆ ಬಿಡಿಸುವ ಹಾಡು. ಸುನೀತಾಗೆ ಕೇಳಿಸಿದ. ಅವಳು ಕಣ್ಣೊರೆಸಿಕೊಂಡು ಸರಿ ಎಂದಳು. ಅವರು ಮಾಡಿದ ಹಾಡುಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಊರ ಹೊರಗೆ ಅವರ ಮೊದಲ ಕಾರ್ಯಕ್ರಮ ಬೆಳುಗುಪ್ಪದ ಒಂದು ಉಜ್ಜೀವನ ಕೂಟದಲ್ಲಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕಡಲೆಕಾಯಿ ಹೊಲದ ಕೆಲಸ ಮುಗಿಸಿ ಬಂದ ಹೆಂಗಸರು. ಮೊದಲ ಹಾಡಿಗೇ ಜನ ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನ ಮುದುಕರಿಬ್ಬರು ಟವೆಲ್ಲು ಕೊಡವಿ ಎದ್ದರು. ಕಿರಣ್ ಮೈಕು ಹಿಡಿದು ನಿಂತಿದ್ದ. ಎದ್ದವರನ್ನು ಹೇಗಾದರೂ ಕೂರಿಸಬೇಕಿತ್ತು. ಅವನ ಬಾಯಿಂದ ಒಂದು ಮಾತು ಬಂತು.

"ನಮ್ಮಪ್ಪ ಕುಡೀತಿದ್ದ."

ಹೊರಟಿದ್ದ ಮುದುಕರು ನಿಂತರು. ಆಮೇಲೆ ಕೂತರು. ಕಿರಣ್ ಮುಂದುವರಿಸಿದ. ಒನಕೆ ಬಂತು, ಅಮ್ಮನ ಮುರಿದ ಕೈ ಬಂತು, ಸೌದೆಯ ಮೂಲೆ ಬಂತು. ತಮ್ಮನಿಲ್ಲದ ಕಿರಣನಿಗೆ ತಮ್ಮನೂ ಬಂದ. ಕೊನೆಯಲ್ಲಿ, ಸುನೀತಾಳ ಅಪ್ಪನ ಬಾಳಿನಲ್ಲಿ ಆಗದೇ ಹೋದದ್ದನ್ನೂ ಅವನು ಸೇರಿಸಿದ: "ಅಮ್ಮ ಬಿಡ್ಲಿಲ್ಲ. ಎಷ್ಟು ಹೊಡೆದ್ರೂ ಮನೆ ಬಿಟ್ಟು ಹೋಗ್ಲಿಲ್ಲ. ಮೊಣಕಾಲೂರಿ ಕಾದ್ಳು. ಇವತ್ತು ನಮ್ಮಪ್ಪ ಸಭೆಯಾಗ ಡೋಲಕ್ ಬಾರಿಸ್ತಾನ." ಹೆಂಗಸರು ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ಹಾಡಿದ ಹಾಡಿಗೆ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಆ ಗರ್ಜನೆ ಈಗ ಅವರಿಗೆ ಅರ್ಥವಾಗಿತ್ತು.

ವಾಪಸು ಬರುವಾಗ ಆಟೊದಲ್ಲಿ ರಾಮಾಂಜಿನೇಯ, "ಲೇ, ನಿಮ್ಮಪ್ಪ ಯಾವಾಗ ಕುಡೀತಿದ್ನೋ?" ಎಂದು ನಕ್ಕ. ಕಿರಣ್, "ಸುಮ್ನೆ ಒಂದ್ಸಲಕ್ಕ," ಎಂದ. ಸುನೀತಾ ಆಟೊದ ಹೊರಗೆ ನೋಡುತ್ತಿದ್ದಳು. ಅವನೂ ಅವಳ ಕಡೆ ನೋಡಲಿಲ್ಲ.

ಒಂದು ಸಲಕ್ಕೆ ನಿಲ್ಲಲಿಲ್ಲ. ಗುಮ್ಮಘಟ್ಟದಲ್ಲಿ ಕರೆದರು, ಭೈರವಾನಿತಿಪ್ಪದ ಡ್ಯಾಮಿನ ಹತ್ತಿರದ ಹಳ್ಳಿಯಲ್ಲಿ ಕರೆದರು, ಕಲ್ಯಾಣದುರ್ಗದಲ್ಲಿ ಕರೆದರು. ಕಾಲೇಜು ಹುಡುಗರು ತಲೆ ಕುಣಿಸುತ್ತಾ ಸ್ಟೇಜಿನ ಮುಂದೆ ನಿಲ್ಲತೊಡಗಿದರು. ಹೋದಲ್ಲೆಲ್ಲ ಸಾಕ್ಷಿ ಕೇಳಿದರು. ರಾಯದುರ್ಗದಲ್ಲಿ ಮಾತ್ರ ಕಿರಣ್ ಅದನ್ನು ಹೇಳುತ್ತಿರಲಿಲ್ಲ. ಅಪ್ಪನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು, ಅಮ್ಮನಿಗೆ ಅದೂ ಇರಲಿಲ್ಲ. ಬೇರೆ ಊರಿನ ಮಾತು ಅವರ ಕಿವಿಗೆ ಬೀಳುವುದಿಲ್ಲ ಎಂದುಕೊಂಡಿದ್ದ. ದಿನ ಕಳೆದಂತೆ ಅವನಿಗೆ ಅದು ಸುಳ್ಳು ಅನ್ನಿಸುವುದೇ ಕಡಿಮೆಯಾಯಿತು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ನೀರು ಕುಡಿಯಬೇಕು ಎಂದು ಗೊತ್ತಾಗಿಬಿಟ್ಟಿತ್ತು. ಮನೆಗೆ ಬಂದು ಅಪ್ಪನ ಜೊತೆ ಊಟಕ್ಕೆ ಕೂತಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ. ಬೇಗ ಉಂಡು ಎದ್ದುಬಿಡುತ್ತಿದ್ದ.

ಮಡಕಶಿರಾದಿಂದ ಕರೆ ಬಂದಾಗ ಅವನು ಸ್ವಲ್ಪ ಅಳುಕಿದ. ಅದು ಅಮ್ಮನ ತವರಿನ ಕಡೆ. ಆದರೆ ಸೋದರಮಾವನ ಮನೆಯವರು ಸಭೆಯವರಲ್ಲ, ಇಂಥ ಕೂಟಕ್ಕೆ ಬರುವವರೂ ಅಲ್ಲ. ಕೂಟದವರು ಬ್ಯಾನರಿಗೆ ಒಂದು ಸಾಲು ಕೇಳಿದರು. ಕಿರಣ್ ತನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ತನ್ನದೇ ಫೋಟೊದ ಕೆಳಗೆ ಆ ಕಡೆಯ ಬ್ಯಾನರುಗಳಂತೆ ತೆಲುಗಿನಲ್ಲಿ ಟೈಪ್ ಮಾಡಿದ: 'ಕುಡುಕನ ಮಗ, ಕರ್ತನ ಕಹಳೆ'. ಅಕ್ಷರಕ್ಕೆ ಹಳದಿ ಬಣ್ಣ ಹಾಕಿದ. ತಾನೇ ಪ್ರಿಂಟು ತೆಗೆದು, ಅಂಚು ಮಡಿಸಿ, ಸುತ್ತಿ ಬಸ್ಸಿಗೆ ಹಾಕಿಸಿದ.

ಬ್ಯಾನರು ಮಡಕಶಿರಾ ಬಸ್‌ಸ್ಟ್ಯಾಂಡಿನ ಎದುರಿಗೆ ನಿಂತಿತು. ಅದನ್ನು ನೋಡಿದವನು ಪಾಪಕ್ಕನ ಅಣ್ಣ ದೊಡ್ಡಮಲ್ಲಪ್ಪ. ಅವನಿಗೆ ಓದು ಬರದು, ಫೋಟೊ ಗುರುತು ಹಿಡಿದ. ಎರ್ರಪ್ಪನ ಫೋನಿಗೆ ಮಾಡಿ ತಂಗಿಯನ್ನು ಕರೆಸಿ ಹೇಳಿದ: "ಪಾಪೀ, ನಿನ್ ಮಗನ್ನ ಆಳೆತ್ತರ ನಿಲ್ಸವ್ರೆ ಕಣಮ್ಮ ಬಸ್‌ಸ್ಟ್ಯಾಂಡ್ನಾಗೆ. ನೀನೂ ನಿನ್ ಯಜಮಾನ್ರೂ ಬರ್ಲೇಬೇಕು. ನಾವೂ ಎಲ್ರೂ ಹೋಗ್ತೀವಿ."

ಪಾಪಕ್ಕ ಮಗನ ಹಾಡನ್ನು ಸ್ಟೇಜಿನ ಮೇಲೆ ಕೇಳಿರಲೇ ಇಲ್ಲ. ಸೀರೆ ಇಸ್ತ್ರಿ ಮಾಡಿಸಿದಳು. ಕಿರಣ್, ಬಿಸಿಲು, ಬಸ್ಸಿನ ದಾರಿ ದೂರ, ಸದ್ದು ನಿನ್ನ ಎದೆಗೆ ಒಳ್ಳೆಯದಲ್ಲ ಎಂದೆಲ್ಲ ಹೇಳಿ ನೋಡಿದ. ಎರ್ರಪ್ಪ, "ಆಕಿಗೆ ಆಸೆ ಐತಿ, ಬರ್ಲಿ ಬಿಡು," ಎಂದಷ್ಟೇ ಹೇಳಿದ.

ಬ್ಯಾಂಡಿನವರು ಮೊದಲೇ ಹೋಗಿದ್ದರು. ಎರ್ರಪ್ಪ, ಪಾಪಕ್ಕ ಬಸ್ಸಿನಲ್ಲಿ ಇಳಿದಾಗ ಬ್ಯಾನರು ಎದುರಿಗೇ ಇತ್ತು. ಪಾಪಕ್ಕ ಮಗನ ಮುಖ ನೋಡಿ ನಕ್ಕಳು. ತೆಲುಗು ಓದಬಲ್ಲ ಎರ್ರಪ್ಪ ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿ, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದ.

ಸಂಜೆ ಕಿರಣ್ ಸ್ಟೇಜು ಹತ್ತಿದಾಗ ಮೊದಲ ಸಾಲಿನಲ್ಲಿ ಅವರೆಲ್ಲ ಕೂತಿದ್ದರು: ಅಮ್ಮ, ಅಪ್ಪ, ದೊಡ್ಡಮಲ್ಲಪ್ಪ, ಅವನ ಹೆಂಡತಿ ಮಕ್ಕಳು. ಇವತ್ತು ಸಾಕ್ಷಿ ಬೇಡ, ನೇರ ಹಾಡಿಗೆ ಹೋಗೋಣ ಎಂದು ಅವನು ತಿರುಗಿ ರಾಮಾಂಜಿನೇಯನಿಗೆ ಸನ್ನೆ ಮಾಡುವಷ್ಟರಲ್ಲಿ ಕೂಟದ ಮುಖಂಡರು ಮೈಕಿನಲ್ಲಿ, ಈಗ ಕುಡುಕನ ಮಗನ ಸಾಕ್ಷಿ ಎಂದು ಸಾರಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಎರಡು ಮಾತಿನಲ್ಲಿ ಮುಗಿಸಬೇಕು ಎಂದುಕೊಂಡು ಅವನು ಬಾಯಿ ತೆರೆದ. ನಾಲಿಗೆಗೆ ದಾರಿ ಗೊತ್ತಿತ್ತು. ಅದು ತನ್ನ ಪಾಡಿಗೆ ಓಡಿತು. ಮುಂದಿನ ಸಾಲನ್ನು ಬಿಟ್ಟು ಹಿಂದಿನ ಕಂಬದ ದೀಪವನ್ನು ನೋಡುತ್ತಾ ಅವನು ಒನಕೆಯನ್ನೂ ಮುರಿದ ಕೈಯನ್ನೂ ಹೇಳಿದ. ಅಷ್ಟೇ ಅಲ್ಲ, "ನಮ್ಮಮ್ಮ ಇದೇ ಮಡಕಶಿರಾ ಮಣ್ಣಿನ ಮಗಳು," ಎಂದು ಹೊಸದೊಂದನ್ನು ಸೇರಿಸಿದ. ಅದಕ್ಕೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು.

ಮೊದಲ ಹಾಡು ಮುಗಿದು ಪ್ರಾರ್ಥನೆಗೆ ಬಿಡುವು ಕೊಟ್ಟಾಗ ಸ್ಟೇಜಿನ ಹಿಂದೆ, ಜನರೇಟರಿನ ಪಕ್ಕದಲ್ಲಿ, ದೊಡ್ಡಮಲ್ಲಪ್ಪ ಎರ್ರಪ್ಪನನ್ನು ನಿಲ್ಲಿಸಿಕೊಂಡಿದ್ದ. ಕಿರಣ್ ಮೆಟ್ಟಿಲು ಇಳಿದು ಬಂದವನು ಅಲ್ಲೇ ನಿಂತ.

"ನಮ್ ಹುಡುಗೀನ ಒನಕೇಲಿ ಹೊಡ್ದಿದ್ದೀಯಾ?" ದೊಡ್ಡಮಲ್ಲಪ್ಪನ ದನಿ ಏರಿರಲಿಲ್ಲ. "ನಾವು ಸತ್ತೋಗಿದ್ವಾ? ಇಷ್ಟು ವರ್ಷ ನಮ್ ಮನೇಲಿ ಎಲೆ ಹಾಕಿಸ್ಕಂಡು ಉಂಡಿದ್ದೀಯಲ್ಲ, ಹೇಳು."

ಎರ್ರಪ್ಪ ಮಗನ ಕಡೆ ಒಮ್ಮೆ ನೋಡಿದ. ಕಿರಣನಿಗೆ ಆ ನೋಟದಲ್ಲಿ ಸಿಟ್ಟು ಕಾಣಲಿಲ್ಲ. ಆಮೇಲೆ ಎರ್ರಪ್ಪ ನೆಲ ನೋಡುತ್ತಾ ಹೇಳಿದ:

"ತಪ್ಪಾತು ಬಾವಾ. ಹಳೇ ಮಾತು. ಬಿಟ್ಬಿಡು."

ದೇವರ ಕೂಟದಲ್ಲಿ, ಅಷ್ಟು ಜನರ ನಡುವೆ, ಮಗ ಸುಳ್ಳ ಎನ್ನಿಸಿಕೊಳ್ಳಬಾರದು ಎಂದು ಅವನು ತಾನು ಮಾಡದ್ದನ್ನು ಒಪ್ಪಿಕೊಂಡಿದ್ದ.

ದೊಡ್ಡಮಲ್ಲಪ್ಪ ಕೈ ಎತ್ತಿದ. ಪಾಪಕ್ಕ ನಡುವೆ ಬಂದಳು. "ಅಣ್ಣಾ, ಸುಳ್ಳು ಕಣಣ್ಣಾ. ಈ ಮನುಷ್ಯ ನನ್ ಮೇಲೆ ಕೈ ಎತ್ತಿಲ್ಲ. ನೋಡು," ಎಂದು ಎರಡೂ ತೋಳಿನ ಸೆರಗು ಸರಿಸಿ ತೋರಿಸಿದಳು. "ಎಲ್ಲಿ ಮುರ್ದೈತೆ ಹೇಳು. ಇವ್ರು ಯಾಕೆ ಹಿಂಗಂತವ್ರೋ ನನಗೆ ತಿಳೀದು." ಆಮೇಲೆ ಮಗನ ಕಡೆ ತಿರುಗಿದಳು. "ಕಿರಣಾ, ನಿಮ್ ಮಾವನಿಗೆ ಹೇಳು. ಯಾಕಪ್ಪ ಹಂಗಂದೆ? ಹೇಳು."

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಅಷ್ಟರಲ್ಲಿ ಸ್ಟೇಜಿನ ಮೇಲಿಂದ ಅವನ ಹೆಸರು ಕೂಗಿದರು. ಎರಡನೆಯ ಹಾಡಿನ ಹೊತ್ತಾಗಿತ್ತು.

ಕಿರಣ್ ಮೆಟ್ಟಿಲು ಹತ್ತಿ ಹೋದ.

ಅವತ್ತು ಅವನು ಹಾಡಿದ ಹಾಗೆ ಹಿಂದೆ ಎಂದೂ ಹಾಡಿರಲಿಲ್ಲ ಎಂದು ರಾಮಾಂಜಿನೇಯ ಈಗಲೂ ಹೇಳುತ್ತಾನೆ. ಹುಡುಗರು ಕುರ್ಚಿಗಳ ಮೇಲೆ ಹತ್ತಿ ನಿಂತರು. ಕೂಟದ ಮುಖಂಡರು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಹಾಡು ಮುಗಿದು ಕೆಳಗಿಳಿದಾಗ ಜನರೇಟರಿನ ಹತ್ತಿರ ಯಾರೂ ಇರಲಿಲ್ಲ. ತಂಗಿಯನ್ನು ತನ್ನ ಮನೆಗೆ ಬಾ ಎಂದು ದೊಡ್ಡಮಲ್ಲಪ್ಪ ಕೈಹಿಡಿದು ಎಳೆದನಂತೆ. ಅವಳು ಕೈ ಬಿಡಿಸಿಕೊಂಡು ಗಂಡನ ಜೊತೆ ಬಸ್ಸಿಗೆ ಹೊರಟುಹೋಗಿದ್ದಳು. ಇಸ್ತ್ರಿ ಸೀರೆಯಲ್ಲಿ ಬಂದವಳು ತವರು ಮನೆಯ ಹೊಸಿಲು ತುಳಿಯದೆ ಹೋದಳು.

ಕಿರಣ್ ರಾಯದುರ್ಗಕ್ಕೆ ಬಂದ ಮೇಲೆ ಮನೆಯಲ್ಲಿ ಯಾರೂ ಅವನನ್ನು ಏನೂ ಕೇಳಲಿಲ್ಲ. ಅಮ್ಮ ಊಟ ಬಡಿಸಿ ಒಳಗೆ ಹೋಗುತ್ತಿದ್ದಳು. ಅವನಿಗೆ ಆ ಮನೆಯಲ್ಲಿ ಕೂರುವುದೇ ಕಷ್ಟವಾಯಿತು. ಅಂಗಡಿಯಲ್ಲಿ ಯಾರೋ ತಂದೆಯ ವರ್ಷದ ತಿಥಿಗೆ ಬ್ಯಾನರು ಮಾಡಿಸಲು ಬಂದು, 'ಪೂಜ್ಯ ತಂದೆಯವರು' ಎಂದು ದೊಡ್ಡದಾಗಿ ಹಾಕಿ ಎಂದಾಗ ಅವನು ಎದ್ದು ಹೊರಗೆ ಹೋಗಿಬಿಟ್ಟ.

ಮೊದಲು ಅವನು ಹೋದದ್ದು ಸುನೀತಾಳ ಹತ್ತಿರ. ಶಾಲೆ ಬಿಟ್ಟ ಮೇಲೆ ಗೇಟಿನ ಹೊರಗೆ ಕಾದು ನಿಂತಿದ್ದ.

"ನಿನ್ನ ಮಾತು ಕದ್ದೆ. ಯಾರಿಗೂ ಹೇಳಬ್ಯಾಡ ಅಂದಿದ್ದೆ. ಊರೂರಿಗೆ ಹೇಳಿದೆ," ಎಂದ.

ಸುನೀತಾ ನಡೆಯುತ್ತಲೇ ಮಾತಾಡಿದಳು. "ಮೊದಲ್ನೇ ದಿನ ಬೆಳುಗುಪ್ಪದಾಗ ಮೈ ಉರೀತು. ಆಮೇಲೆ ಏನಾತಂದ್ರ, ನೀನು ಹೇಳುವಾಗ ಅದು ನಿಮ್ಮಪ್ಪಂದು ಆಗ್ತಿತ್ತು, ನಮ್ಮಪ್ಪಂದಲ್ಲ. ನನಗ ಹಗುರಾಗ್ತಿತ್ತು. ಎರ್ರಪ್ಪ ಮಾಮ ನನ್ನ ಹೊರೆ ಹೊತ್ಕಂಡಂಗ. ಅದಕ್ಕ ಸುಮ್ನಾದೆ. ನಾನೇನು ಒಳ್ಳೇಕಿ ಅಲ್ಲ. ಗೊತ್ತಿದ್ದೂ ಹಿಂದ ನಿಂತು ಬಾರ್ಸಿದೆ." ಆಮೇಲೆ, "ಆದ್ರ ಅವತ್ತು ಆ ಮೆಟ್ಲು ಹತ್ತಿ ಹೋದೆಲ್ಲ ಕಿರಣಾ, ಅದನ್ನ ನಾನು ಮಾಡ್ತಿರ್ಲಿಲ್ಲ," ಎಂದಳು.

ಅಲ್ಲಿಂದ ಕಾರ್ಖಾನೆಗೆ ಹೋದ. ಮಿಷನ್ನುಗಳ ಗದ್ದಲದ ನಡುವೆ ಎರ್ರಪ್ಪ ಬಟ್ಟೆಯ ಮೇಲೆ ಗೆರೆ ಹಾಕುತ್ತಿದ್ದ. ಮಗನನ್ನು ನೋಡಿ, ನೆರಳಲ್ಲಿದ್ದ ಸ್ಟೂಲು ತೋರಿಸಿದ. ಕಿರಣ್ ಕೂರಲಿಲ್ಲ.

"ಮಾವನ ಮುಂದ ಯಾಕ ಒಪ್ಕಂಡಿ ಅಪ್ಪಾ?"

"ಇನ್ನೇನು ಮಾಡ್ಲಿ. ನೀನು ಮೈಕ್ ಹಿಡಿದು ಹೇಳಿದ್ದಿ."

"ಅವತ್ತೇ ಗೊತ್ತಾತಾ ನಿನಗ?"

ಎರ್ರಪ್ಪ ಸೀಮೆಸುಣ್ಣ ಕೆಳಗಿಟ್ಟ. "ಇಲ್ಲ. ಸಂಕ್ರಾಂತಿಗೆ ಮುಂಚೆ ಇಲ್ಲಿ ಒಬ್ಬ ಹುಡುಗ ಫೋನಾಗ ತೋರ್ಸಿದ. ಮಾಸ್ತರೇ, ಇದು ನಿಮ್ಮ ಹುಡುಗ ಅಲ್ರೀ ಅಂದ. ಹೌದಪ್ಪ ಅಂದೆ."

"ಯಾಕ ಕೇಳ್ಲಿಲ್ಲ ನನ್ನ?"

"ಏನಂತ ಕೇಳ್ಲಿ? ನೀನು ಸುಳ್ಳು ಹೇಳೋನಲ್ಲ. ಅದಕ್ಕ ನಾನೇ ಏನಾರ ಮಾಡಿದ್ನೇನೋ ಅಂತ ನೆನಪು ಮಾಡ್ಕಂಡೆ. ನೀನು ಸಣ್ಣಾವ ಇದ್ದಾಗ ಒಂದ್ಸಾರಿ ತಟ್ಟೆ ಎಸೆದಿದ್ದೆ, ಸಾರಿನಾಗ ಉಪ್ಪು ಜಾಸ್ತಿ ಆಗಿತ್ತು ಅಂತ. ನೀನು ಅತ್ತಿದ್ದಿ. ಅದು ನಿನ್ನ ಮನಸಿನಾಗ ಉಳಕಂಡು ದೊಡ್ಡದಾಗೇತೇನೋ ಅಂದ್ಕಂಡೆ." ಅವನು ಮತ್ತೆ ಸೀಮೆಸುಣ್ಣ ಎತ್ತಿಕೊಂಡ. "ನಿಮ್ಮಮ್ಮನ್ನೂ ಕೇಳಿದೆ. ನಾನು ಯಾವಾಗಾರ ನಿನ್ನ ಹೊಡೆದಿದ್ನೇನೆ ಅಂತ. ಆಕಿ ನಕ್ಕಳು."

ಕಿರಣ್ ಅಲ್ಲೇ, ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆ ಕೂತ. ಅಪ್ಪ ತನ್ನ ಬಾಳನ್ನೆಲ್ಲ ಹುಡುಕಿ, ಒಂದು ತಟ್ಟೆಯನ್ನು ಹೆಕ್ಕಿ ತೆಗೆದು, ಇಷ್ಟು ತಿಂಗಳು ಅದನ್ನು ಇಟ್ಟುಕೊಂಡಿದ್ದ. ಆ ತಟ್ಟೆಯ ನೆನಪು ಕಿರಣನಿಗೆ ಇರಲೇ ಇಲ್ಲ.

ಪಾಸ್ಟರಿಗೆ ಅವನೇ ಹೋಗಿ ಎಲ್ಲವನ್ನೂ ಹೇಳಿದ. ಪಾಸ್ಟರು, "ಸಾಕ್ಷಿ ಕೇಳಿದೋನು ನಾನು. ನನ್ನ ಪಾಲೂ ಐತಿ ಇದರಾಗ," ಎಂದರು. ಎಲ್ಲೆಲ್ಲಿ ಸುಳ್ಳು ಹೇಳಿದೆಯೋ ಅಲ್ಲೆಲ್ಲ ಹೋಗಿ ನಿಜ ಹೇಳು, ಅಲ್ಲಿಯವರೆಗೆ ಸ್ಟೇಜು ಹತ್ತಬೇಡ ಎಂದರು. ರಾಮಾಂಜಿನೇಯನಿಗೆ ಇದು ಒಪ್ಪಿಗೆಯಾಗಲಿಲ್ಲ. "ಎಲ್ಲಾರೂ ಸ್ವಲ್ಪ ಸೇರ್ಸೇ ಹೇಳ್ತಾರಲೇ. ಹಾಡು ನಿಜ ಐತಲ್ಲ, ಸಾಲ್ದಾ?" ಎಂದು ಸಿಟ್ಟಾಗಿ ಡ್ರಮ್ಸನ್ನು ಆಟೊದಲ್ಲಿ ಹೇರಿಕೊಂಡು ಹೋದ. 'ಕೂಗುವ ಕಲ್ಲು' ಅಲ್ಲಿಗೆ ಮುಗಿಯಿತು.

ಕಿರಣ್ ಮೊದಲು ಬೆಳುಗುಪ್ಪಕ್ಕೆ ಹೋದ. ಗಿಟಾರು ಒಯ್ಯಲಿಲ್ಲ. ಭಾನುವಾರ ಆರಾಧನೆಯ ಕೊನೆಯಲ್ಲಿ ಎದ್ದು ನಿಂತು, ನಾನು ಇಲ್ಲಿ ಹೇಳಿದ ಸಾಕ್ಷಿ ಸುಳ್ಳು ಎಂದ. ಯಾರೋ ಅಭ್ಯಾಸದಿಂದ, "ಸ್ತೋತ್ರಂ," ಎಂದರು. ಇನ್ನೂ ಏನೋ ಬರಲಿದೆ ಎಂದು ಜನ ಮುಂದಕ್ಕೆ ಬಾಗಿದರು. ಅವನು ಬಿಡಿಸಿ ಹೇಳಿದ. ನಮ್ಮಪ್ಪ ಕುಡಿದವನಲ್ಲ, ಹೊಡೆದವನಲ್ಲ, ನನಗೆ ತಮ್ಮನೂ ಇಲ್ಲ. ಸುನೀತಾಳ ಹೆಸರು ಎತ್ತಲಿಲ್ಲ.

ಹೆಂಗಸರ ಕಡೆಯಿಂದ ಒಬ್ಬಾಕೆ ಎದ್ದಳು. ಹೆಸರು ಉಜ್ಜಿನಮ್ಮ, ಹೊಲದ ಕೂಲಿ. ಮೊದಲ ಕಾರ್ಯಕ್ರಮದ ದಿನ ಅತ್ತವರಲ್ಲಿ ಅವಳೂ ಒಬ್ಬಳು. ಆಮೇಲೆ ಕಿರಣನ ಕೈಹಿಡಿದು, ನಿಮ್ಮಮ್ಮ ಪುಣ್ಯವಂತಿ ಎಂದಿದ್ದಳು. ಈಗ ಅವಳ ಎಡಗಣ್ಣಿನ ಕೆಳಗೆ ಅವತ್ತು ಇರದ ಗಾಯದ ಗುರುತಿತ್ತು.

"ಹೊಡೆದ್ರೂ ನಿಮ್ಮಮ್ಮ ಮನೆ ಬಿಡ್ಲಿಲ್ಲ, ಕಾದ್ಳು, ಗಂಡ ಬದಲಾದ ಅಂದ್ಯಲ್ಲಪ್ಪ," ಎಂದಳು. "ನಮ್ಮಣ್ಣ ಕರಿಯಾಕ ಬಂದಿದ್ದ ನನ್ನ. ನಾನು ಹೋಗ್ಲಿಲ್ಲ. ಆ ಹುಡುಗನ ತಾಯಿ ಕಾದಿಲ್ಲೇನು, ನಾನೂ ಕಾಯ್ತೀನಿ ಅಂದೆ. ನಿನ್ನ ಮಾತು ನಂಬಿ ಕಾದೆ." ಅವಳ ದನಿಯಲ್ಲಿ ಜಗಳವಿರಲಿಲ್ಲ. ಕೇಳಿ ತಿಳಿದುಕೊಳ್ಳುವವಳಂತೆ, "ಹಂಗಾದ್ರ ಯಾರೂ ಬದಲಾಗಿಲ್ಲೇನು?" ಎಂದಳು.

ಅಪ್ಪನಿಗೆ ಮಾಡಿದ ಅನ್ಯಾಯವೇ ದೊಡ್ಡದು ಎಂದುಕೊಂಡು ಕಿರಣ್ ಬಂದಿದ್ದ. ತನ್ನ ಸುಳ್ಳು ಹೆಸರೂ ತಿಳಿಯದ ಹೆಂಗಸಿನ ಮನೆಗೆ ಹೋಗಿ ಅವಳನ್ನು ಹೊಡೆಸಿಕೊಳ್ಳುತ್ತಾ ಕೂರಿಸಿತ್ತು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. "ತಪ್ಪಾತಮ್ಮ," ಎಂದ. ಆ ಮಾತು ಅವನಿಗೇ ಅಸಹ್ಯವಾಗಿ ಕೇಳಿಸಿತು. "ನಿಮ್ಮಣ್ಣ ಕರದ್ರ ಹೋಗ್ರಿ," ಎಂದ. ಅವಳು ಸೆರಗು ಹೊದ್ದು ಕೂತಳು. ಕೆಲವು ತಿಂಗಳ ಮೇಲೆ ಅವಳು ಅಣ್ಣನ ಮನೆಗೆ ಹೋದಳೆಂದು ಸುನೀತಾ ತಿಳಿದುಕೊಂಡು ಬಂದು ಹೇಳಿದಳು.

ಉಳಿದ ಊರುಗಳಿಗೂ ಹೋದ. ಗುಮ್ಮಘಟ್ಟದಲ್ಲಿ ಕೆಲವರು ನಂಬಲಿಲ್ಲ. ಅಪ್ಪನೇ ಹೆದರಿಸಿ ಹೀಗೆ ಹೇಳಿಸುತ್ತಿದ್ದಾನೆ, ಮತ್ತೆ ಕುಡಿಯಲು ಶುರುಮಾಡಿರಬೇಕು ಎಂದು ಮಾತಾಡಿಕೊಂಡರು. ಫೋನುಗಳಲ್ಲಿ ಆ ಹಳೆಯ ವಿಡಿಯೊ ಇನ್ನೂ ಓಡಾಡುತ್ತಿದೆ. ಅದನ್ನು ತೆಗೆಯಿಸಲು ಎಷ್ಟೋ ಜನರನ್ನು ಕೇಳಿಕೊಂಡ. ಕೆಲವರು ತೆಗೆದರು.

ಮಡಕಶಿರಾದ ಮಾವನ ಮನೆಗೆ ಹೋಗಲು ಅವನಿಗೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕಾಯಿತು. ದೊಡ್ಡಮಲ್ಲಪ್ಪ ಅಂಗಳದಲ್ಲಿ ಹುಣಿಸೆಹಣ್ಣು ಬಡಿಯುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡು ಕೊಡತಿ ಪಕ್ಕಕ್ಕಿಟ್ಟ.

"ಅಂದು ಹೊಡ್ದವ್ನೆ ಅಂದೆ, ಇಂದು ಹೊಡ್ದಿಲ್ಲ ಅಂತೀಯ. ಅವ್ನು ನೋಡಿದ್ರೆ ತಪ್ಪಾಯ್ತು ಅಂತಾನೆ. ನಾನು ಯಾವ್ದನ್ನ ನಂಬ್ಲೋ?"

"ಅಮ್ಮನ್ನ ನಂಬು ಮಾವಾ. ಆಕಿ ಅವತ್ತೇ ಹೇಳಿದ್ಳು."

ದೊಡ್ಡಮಲ್ಲಪ್ಪ ಹುಣಿಸೆಹಣ್ಣಿನ ಸಿಪ್ಪೆಯನ್ನು ಒಂದು ಕಡೆ ಗುಡಿಸಿಟ್ಟ. "ಊಟ ಮಾಡ್ಕಂಡು ಹೋಗು," ಎಂದು ಎದ್ದು ಹಿತ್ತಲಿಗೆ ಹೋದ. ಅತ್ತೆ ಮುದ್ದೆ ಬಡಿಸಿದಳು. ಕಿರಣ್ ಒಬ್ಬನೇ ಕೂತು ಉಂಡ. ಆ ಯುಗಾದಿ ಹಬ್ಬಕ್ಕೆ ದೊಡ್ಡಮಲ್ಲಪ್ಪ ತಂಗಿಯನ್ನೂ ಎರ್ರಪ್ಪನನ್ನೂ ಕರೆದ. ಕಿರಣನ ಹೆಸರು ಹೇಳಲಿಲ್ಲ.

ಒಂದು ವರ್ಷದ ಮೇಲೆ ಸುನೀತಾ, ರಾಮಾಂಜಿನೇಯ ಇನ್ನೊಬ್ಬ ಹುಡುಗನನ್ನು ಗಿಟಾರಿಗೆ ಸೇರಿಸಿಕೊಂಡು ಬೇರೆ ಹೆಸರಿನಲ್ಲಿ ಬ್ಯಾಂಡು ಕಟ್ಟಿದರು. ಈಗ ಹಾಡುವವಳು ಸುನೀತಾ. ಟೀಚರಮ್ಮನ ಗಂಟಲಿನಿಂದ ಆ ದನಿ ಬರುವುದನ್ನು ನೋಡಿ ಮೊದಲ ಸಲ ಕೇಳುವವರು ಬೆಚ್ಚುತ್ತಾರೆ. ಹಾಡುವ ಮುಂಚೆ ಅವಳು ಸಾಕ್ಷಿ ಹೇಳುವುದಿಲ್ಲ. ಯಾರಾದರೂ ಕೇಳಿದರೆ, ಹಾಡಿನಲ್ಲಿ ಇದೆ, ಕೇಳಿಸಿಕೊಳ್ಳಿ ಎನ್ನುತ್ತಾಳೆ. ಕಿರಣನಿಗೂ ಬಾ ಎಂದು ಕರೆದಿದ್ದಳು. ಅವನು ಹೋಗಲಿಲ್ಲ. ಅವರ ಬ್ಯಾನರು ಮಾತ್ರ ತಾನೇ ಮಾಡಿಕೊಡುತ್ತಾನೆ. ಊರು, ದಿನ, ಹೊತ್ತು, ಅಷ್ಟೇ ಹಾಕುತ್ತಾನೆ.

ಕಳೆದ ಬೇಸಿಗೆಯಲ್ಲಿ ದೂರದ ಊರಿನ ಯುವಜನ ಕೂಟದವರೊಬ್ಬರು ಅವನಿಗೆ ಫೋನು ಮಾಡಿದರು. ಸುಳ್ಳು ಸಾಕ್ಷಿ ಹೇಳಿ ಆಮೇಲೆ ಪಶ್ಚಾತ್ತಾಪಪಟ್ಟವನು ನೀನೇ ಅಂತೆ, ಅದನ್ನೇ ಬಂದು ಹೇಳಬೇಕು, ನಮ್ಮ ಹುಡುಗರಿಗೆ ಬಹಳ ಉಪಯೋಗವಾಗುತ್ತದೆ, ದೊಡ್ಡ ಮೈದಾನ, ಒಳ್ಳೆಯ ಸೌಂಡ್ ಸಿಸ್ಟಮ್ಮು ಎಂದರು. ಕಿರಣ್ ಫೋನು ಕಿವಿಗೆ ಹಿಡಿದು ಅಂಗಡಿಯ ಮುಂದೆ ನಿಂತಿದ್ದ. ಅವರು ಮಾತಾಡುತ್ತಿರುವಾಗಲೇ ಅವನ ತಲೆಯಲ್ಲಿ ಮೊದಲ ವಾಕ್ಯ ತಾನಾಗಿ ಸಿದ್ಧವಾಗಿತ್ತು. ಎಲ್ಲಿ ದನಿ ಇಳಿಸಬೇಕೆಂಬುದೂ ಗೊತ್ತಾಗಿತ್ತು. ಅಪ್ಪನ ತಟ್ಟೆಯ ವಿಷಯ ಹೇಳಿ ಒಂದು ಗಳಿಗೆ ನಿಲ್ಲಿಸಿದರೆ ಮೈದಾನವೆಲ್ಲ ಅಳುತ್ತದೆ ಎಂದು ಅವನಿಗೆ ಕಂಡುಬಿಟ್ಟಿತು.

ಅವನ ಮುಖ ಬಿಸಿಯಾಯಿತು. ಪಕ್ಕದ ಚಹಾ ಅಂಗಡಿಯವರು ನೋಡುತ್ತಿದ್ದಾರೇನೋ ಎಂಬಂತೆ ಗೋಡೆಯ ಕಡೆ ತಿರುಗಿದ.

"ನನಗ ಬರಾಕ ಆಗಲ್ರಿ," ಎಂದ.

"ಯಾಕ್ರಿ ಬ್ರದರ್? ದೇವರ ಕೆಲಸ."

"ಹೌದ್ರಿ. ಬೇರೆಯೋರನ್ನ ಕರೀರಿ," ಎಂದು ಫೋನು ಇಟ್ಟ. ಒಳಗೆ ಮಿಷನ್ನಿನಲ್ಲಿ ಯಾರದೋ ಮದುವೆಯ ಬ್ಯಾನರು ಅರ್ಧ ಹೊರಬಂದಿತ್ತು. ಹೋಗಿ ಅದರ ಅಂಚು ಹಿಡಿದುಕೊಂಡು ನಿಂತ.